ಒಂಬತ್ತು ಅಕ್ಷರದ ಪದ

‘ಐ ಆಮ್ ಫೈನ್’ ಎನ್ನಲು ಇಷ್ಟು ಗಟ್ಟಿಯಾಗಿ ಕಿರುಚಬೇಕಾಗಿಲ್ಲ ಎಂದು ಹೇಳಬೇಕೆನ್ನಿಸಿತು ಓಬಳೇಶನಿಗೆ. ಅಷ್ಟರಲ್ಲೇ ಹನ್ನೊಂದು ಮಂದಿ ಮತ್ತೊಮ್ಮೆ ಕೂಗಿದರು. ಕೆಳಗಿನ ಎಣ್ಣೆ ಗಿರಣಿಯ ಸದ್ದನ್ನೂ ಮೀರಿ ಎಲ್ಲರೂ ಕ್ಷೇಮವಾಗಿದ್ದರು.

ಚಳ್ಳಕೆರೆಯ ಈ ಮಹಡಿ ಕೋಣೆಯಲ್ಲಿ ಸಂಜೆ ಐದಕ್ಕೆ ದೊಡ್ಡವರಿಗೆ ಅಗ್ಗದ ಇಂಗ್ಲಿಷ್ ಪಾಠ. ಕಂಡಕ್ಟರ್ ಜಯಣ್ಣ, ಕುರಿ ವ್ಯಾಪಾರದ ಜುಂಜಣ್ಣ, ಪರಶುರಾಂಪುರದಿಂದ ಬಸ್ಸಿನಲ್ಲಿ ಬರುವ ಅಂಗನವಾಡಿಯ ಮಂಜಮ್ಮ. ಪಾಠ ಹೇಳುವ ಓಬಳೇಶ್ ಎಂ.ಎ. ಮುಗಿಸಿ ಆರು ವರ್ಷ. ಕಾಲೇಜಿನ ಕೆಲಸ ಇನ್ನೂ ಬರಲಿದೆ.

ಮೊಳಕಾಲ್ಮೂರಿನ ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಇಲ್ಲಿ ಇಂಗ್ಲಿಷ್. ಮೂರರಲ್ಲೂ ತಾನು ಬೇರೆ ಯಾರದೋ ಪರವಾಗಿ ಮಾತಾಡುತ್ತಿರುವಂತೆ ಅನ್ನಿಸುತ್ತಿತ್ತು. ಬೆಳಿಗ್ಗೆ ಹೊರಡುವಾಗ ಅವ್ವ ಏನೋ ಕೇಳಿದ್ದಳು. ತಲೆಯಾಡಿಸಿ ಬಂದಿದ್ದ. ಏನು ಕೇಳಿದಳೆಂಬುದು ಇಡೀ ದಿನ ನೆನಪಿಗೆ ಬಂದಿರಲಿಲ್ಲ.

ಪಾಠ ಮುಗಿಯುವ ಹೊತ್ತಿಗೆ ಮಂಜಮ್ಮ ಮೇಜಿನ ಬಳಿ ಬಂದಳು. ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದಳು.

“ದಾವಣಗೆರೆ ಆಸ್ಪತ್ರೆದು ಸಾರ್. ನಂದೇ. ಡಾಕ್ಟ್ರು ನನ್ನ ಮುಂದೇನೇ ತಮ್ಮನ ಜೊತೆ ಇಂಗ್ಲಿಷ್‌ನಾಗೆ ಮಾತಾಡಿದ್ರು. ಏನಂದ್ರೋ ಅಂತ ಕೇಳಿದ್ರೆ ಏನೂ ಇಲ್ಲ ಅಂತಾನೆ. ಮುಂದಿನ ವಾರ ಬೆಂಗಳೂರಿಗೆ ಹೋಗಾಣ ಅಂತಾನೆ. ಅದಕ್ಕೇ ನಾನು ಇಲ್ಲಿಗೆ ಸೇರಿದ್ದು.”

ಓಬಳೇಶ್ ಓದಿದ. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಸ್ಪೆಲ್ಲಿಂಗ್ ತಪ್ಪು. ಆಮೇಲೆ ಅರ್ಥ. ಎಡ ಎದೆಯಲ್ಲಿ ಗೆಡ್ಡೆ. ಕ್ಯಾನ್ಸರ್ ಎಂಬ ಮಾತು ಎಲ್ಲೂ ಇರಲಿಲ್ಲ. ಅದನ್ನೇ ಬೇರೆ ಮರ್ಯಾದಸ್ಥ ಪದಗಳಲ್ಲಿ ಬರೆದಿದ್ದರು. ಆ ಪದಗಳು ಅವನಿಗೆ ಸುಲಭವಾಗಿ ತಿಳಿದವು. ಅವುಗಳಿಂದ ಕನ್ನಡಕ್ಕೆ ಬರುವ ದಾರಿ ಮಾತ್ರ ಕಾಣಲಿಲ್ಲ.

“ಸಾರ್?”

“ಏನಿಲ್ಲಮ್ಮ. ರೆಸ್ಟ್ ತಗೋಬೇಕಂತೆ.”

“ಅಷ್ಟಕ್ಕೆ ಇಷ್ಟುದ್ದ ಬರೆದಾರಾ?”

“ಅವರು ಹಂಗೇ ಬರೀತಾರೆ.” ಅವನು ಕಿಟಕಿಯತ್ತ ನೋಡಿದ.

“ನನ್ನ ತಮ್ಮನೂ ಹಿಂಗೇ ಬೇರೆ ಕಡೆ ನೋಡ್ತಾನೆ,” ಎಂದಳು ಮಂಜಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ನೇರ ಬೋರ್ಡಿನ ಬಳಿ ಹೋದಳು. “ಈ ಪದದ ಕೆಳಗೆ ಗೆರೆ ಎಳೆದಾರೆ. ಇದೊಂದನ್ನ ಕಲಿಸಿ, ಸಾಕು.” ಸೀಮೆಸುಣ್ಣ ಹಿಡಿದು ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಇಳಿಸಿದಳು. ಅಂಗನವಾಡಿಯ ಮಕ್ಕಳಿಗೆ ಬರೆದು ತೋರಿಸುವ ದುಂಡು ಅಕ್ಷರ.

ಎದ್ದು ಹೊರಟಿದ್ದವರು ಮತ್ತೆ ಕೂತರು. ಹೊಸ ಪದವೆಂದರೆ ಅವರಿಗೆ ಹುರುಪು.

“ಮಾ-ಲಿಗ್-ನಂಟ್,” ಜಯಣ್ಣ ಕೂಡಿಸಿ ಓದಿದ.

“ಇದ್ಯಾವ ನಂಟಲೇ?” ಜುಂಜಣ್ಣ ಕೇಳಿದ. ಎಲ್ಲರೂ ನಕ್ಕರು. ಮಂಜಮ್ಮನೂ ನಕ್ಕಳು.

“ಮಾ ಅಲ್ಲ,” ಅಂದುಬಿಟ್ಟ ಓಬಳೇಶ್. ಬಾಯಿ ತಾನಾಗಿಯೇ ತಿದ್ದಿತ್ತು. “ಮ. ಮಲಿಗ್ನಂಟ್.”

ಕೋಣೆ ಒಕ್ಕೊರಲಿನಿಂದ ಹೇಳಿತು. ಮತ್ತೊಮ್ಮೆ ಹೇಳಿತು. ಮಂಜಮ್ಮ ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು, ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದಳು. ಉಚ್ಚಾರ ತಪ್ಪಿರಲಿಲ್ಲ.

“ಅರ್ಥ, ಸಾರ್?”

ಕೆಳಗೆ ಗಿರಣಿ ನಿಂತಿತು. ಹನ್ನೊಂದು ಮುಖಗಳು ಅವನ ಕಡೆ ತಿರುಗಿದವು. ಓಬಳೇಶ್ ಬಾಯಿ ತೆರೆದ. ಯಾವ ಭಾಷೆಯೂ ಬರಲಿಲ್ಲ.

ಅವನು ತಡಮಾಡುವುದನ್ನು ಕಂಡ ಮಂಜಮ್ಮ ತಾನೇ ಏನೋ ತಪ್ಪು ಬರೆದಿರಬೇಕೆಂದುಕೊಂಡಳು. ಹಾಳೆಯನ್ನೂ ಬೋರ್ಡನ್ನೂ ಹೋಲಿಸಿ ನೋಡಿ ನಾಲಿಗೆ ಕಚ್ಚಿಕೊಂಡಳು. ನಾಲ್ಕನೆಯ ಅಕ್ಷರ ‘ಐ’ಯ ತಲೆಯ ಮೇಲೆ ಬಿಟ್ಟುಹೋಗಿದ್ದ ಚುಕ್ಕೆಯನ್ನು ಒತ್ತಿ ಇಟ್ಟಳು.

“ಈಗ ಸರಿ ಐತಾ ಸಾರ್?”