ಉಡಿಯ ಬದನೆಕಾಯಿ

ಕರೋಶಿಯ ಶಿವಗಂಗವ್ವನ ಹೊಲಕ್ಕೆ ಬದನೆಕಾಯಿ ಹರಿಯಲು ಬಂದ ಹೆಂಗಸರು ಮನೆಗೆ ಹೋಗುವಾಗ ಉಡಿಯಲ್ಲಿ ಒಂದಿಷ್ಟು ಕಾಯಿ ಒಯ್ಯುವುದು ರೂಢಿ. ಬಾವಿಯ ಪಕ್ಕದ ಸಾಲು ಮಾತ್ರ ಮನೆಯ ಅಡುಗೆಗೆ ಬಿಟ್ಟದ್ದು. ಅದಕ್ಕೆ ಕೀಟನಾಶಕ ಹೊಡೆಯುತ್ತಿರಲಿಲ್ಲ.

ಕಾಯಿಕೊರಕ ಹುಳ ಹೆಚ್ಚಾಗಿತ್ತೆಂದು ಹಿಂದಿನ ಸಂಜೆ, ಆಳುಗಳು ಹೋದ ಮೇಲೆ, ಶಿವಗಂಗವ್ವ ಉಳಿದ ಸಾಲುಗಳಿಗೆಲ್ಲ ತಾನೇ ಪಂಪು ಹೊತ್ತು ಹೊಡೆದಿದ್ದಳು. ವಾಸನೆ ಅಷ್ಟಾಗಿ ಇಲ್ಲದ ಔಷಧ. ಹೊಡೆದ ಮೇಲೆ ವಾರ ಕಾಯಬೇಕೆಂದು ಅಂಗಡಿಯವನು ಹೇಳಿದ್ದ. ಬೆಳಿಗ್ಗೆ ನಿಪ್ಪಾಣಿಯ ವ್ಯಾಪಾರಿ ಸಂಗ್ರಾಮ ಹೇಳದೆ ಕೇಳದೆ ಟೆಂಪೊ ತಂದು ನಿಲ್ಲಿಸಿದ. ಅವಳು ಬೇಡವೆನ್ನಲಿಲ್ಲ.

ಮಧ್ಯಾಹ್ನ ಟ್ರೇಗಳನ್ನು ಏರಿಸುತ್ತಿರುವಾಗ ಅಕ್ಕುತಾಯಿ ಉಡಿ ತುಂಬಿಕೊಂಡು ಬಂದಳು. ಬಹಳ ವರ್ಷಗಳಿಂದ ಇದೇ ಹೊಲಕ್ಕೆ ಕೂಲಿಗೆ ಬರುವವಳು.

"ಮಗಳು ನೀಲಮ ಬಂದಾಳ್ರಿ ಬಾಯಾರ. ಬಸರಿ ಬಯಕಿ. ಎಣಗಾಯಿ ಬೇಕಂತ ಕುಂತಾಳ."

"ಬಸರಿ ಆಕಿನೋ, ನೀನೋ? ಉಡಿ ನೋಡಲಾ!" ಎಂದ ಸಂಗ್ರಾಮ. ಹೆಂಗಸರೆಲ್ಲ ನಕ್ಕರು.

ಶಿವಗಂಗವ್ವನಿಗೆ ನಗು ಬರಲಿಲ್ಲ. ಆ ಕಾಯಿ ನೀಲಮಳ ಹೊಟ್ಟೆಗೆ ಹೋಗಬಾರದು. ನಿಜ ಹೇಳಿದರೆ ಸಂಗ್ರಾಮ ಮಾಲು ಇಳಿಸಿ ಹೋಗುತ್ತಾನೆ. ಬಾಯಿಗೆ ಬಂದದ್ದು ಬೇರೆಯೇ.

"ಎಷ್ಟ ಒಯ್ತಿ? ಅದೂ ಆರಿಸಿ ಆರಿಸಿ ಚಲೋ ಕಾಯಿ! ಕಳ್ಳಿ! ಸುರುವು ಇಲ್ಲೇ."

ನಗು ನಿಂತಿತು. ಅಕ್ಕುತಾಯಿ ಬಾಗಿ ಟ್ರೇಗೆ ಉಡಿ ಬಿಚ್ಚಿದಳು. ಒಂದು ಕಾಯಿ ಉರುಳಿ ಕೆಳಗೆ ಬಿತ್ತು. ಅದನ್ನೂ ಎತ್ತಿ ಇಟ್ಟಳು. ಸೆರಗು ಕೊಡವಿ ಹೊರಟಳು. ಉಳಿದವರೂ ಅಂದು ಉಡಿ ಕಟ್ಟಲಿಲ್ಲ.

ಶಿವಗಂಗವ್ವ ಬಾವಿಯ ಸಾಲಿನಿಂದ ಸಿಕ್ಕಷ್ಟು ಹರಿದುಕೊಂಡು, ಓಡಿ ಹೋಗಿ ಬದುವಿನ ಮೇಲೆ ಅವಳನ್ನು ತಡೆದಳು.

"ಇವನ್ನ ಒಯ್ಯಿ. ಅವಕ್ಕ ನಿನ್ನೆ ಹುಳದ ಎಣ್ಣಿ ಹೊಡದೀನಿ. ಅದಕ್ಕ ಹಂಗಂದೆ."

ಬೆಳಗಿನಿಂದ ಕಾಯಿ ಹರಿದ ತನ್ನ ಅಂಗೈಗಳನ್ನು ಅಕ್ಕುತಾಯಿ ನೋಡಿಕೊಂಡಳು. ಆಮೇಲೆ ಹೇಳಿದಳು: "ನಾ ಕಳ್ಳಿ ಅಲ್ಲಂತ ಅವರ ಮುಂದ ಹೇಳ್ರಿ. ಒಯ್ತೀನಿ."

ಶಿವಗಂಗವ್ವ ತಿರುಗಿ ನೋಡಿದಳು. ಸಂಗ್ರಾಮ ಹಗ್ಗ ಬಿಗಿಯುತ್ತಿದ್ದ. ಹೆಂಗಸರು ಇತ್ತಲೇ ನೋಡುತ್ತ ನಿಂತಿದ್ದರು.

"ಹೇಳ್ತೀನಿ," ಎಂದಳು. "ಗಾಡಿ ಒಂದು ಹೋಗ್ಲಿ, ತಡಿ."

ಅಕ್ಕುತಾಯಿ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಟೆಂಪೊ ಹೊರಟುಹೋಯಿತು. ಇನ್ನು ಹೇಳುವುದಕ್ಕೆ ಅಡ್ಡಿಯಿರಲಿಲ್ಲ. ಶಿವಗಂಗವ್ವ ಹೆಂಗಸರ ಹತ್ತಿರ ಬಂದಳು. ಅವರಲ್ಲಿ ಹಿರಿಯಳಾದ ತಾರವ್ವ ಮೊದಲು ಬಾಯಿ ತೆರೆದಳು.

"ಹೋಗ್ಲಿ ಬಿಡ್ರಿ ಬಾಯಾರ. ಆಕಿ ಬುದ್ಧೀನ ಹಂಗ."

ಶಿವಗಂಗವ್ವ ಹೂಂ ಎಂದಳು.