ಚಪ್ಪಲಿಗಳ ಹಾಜರಿ

ಹರಿಹರದ ಕೋಟೆ ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಎದುರಿಗೇ ಕೆಂಚವೀರಪ್ಪನವರ ಮನೆ. ಕಿರಾಣಿ ವ್ಯಾಪಾರದ ಅನುಕೂಲಸ್ಥ ಮನೆತನ. ಹೆಂಡತಿ ಕಸ್ತೂರಮ್ಮ, ಮಗ ಕೊಟ್ಟೂರೇಶ್, ಸೊಸೆ ರೂಪಶ್ರೀ, ಮೂರನೇ ಕ್ಲಾಸಿನ ಮೊಮ್ಮಗಳು ಸ್ನೇಹಾ.

ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ ಆ ಮನೆಯ ಕಟ್ಟೆಯೇ ಸ್ನೇಹಾಳ ಶಾಲೆಯಾಯಿತು. ಒಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಕೊಟ್ಟೂರೇಶ್ ದಿನಾ ಬೆಳಿಗ್ಗೆ ತನ್ನ ಫೋನನ್ನು ಕಟ್ಟೆಯ ಮೇಲೆ ಒಂದು ಡಬ್ಬಿಗೆ ಒರಗಿಸಿಟ್ಟು ಮಗಳ ಪಕ್ಕ ಕೂರುತ್ತಿದ್ದ. ಸುಧಾ ಮಿಸ್ ಫೋನಿನೊಳಗಿಂದ ಒಬ್ಬೊಬ್ಬರದೇ ಹೆಸರು ಕರೆಯುವರು. ತನ್ನ ಹೆಸರು ಬಂದದ್ದೇ ತಡ, ಹುಡುಗಿ "ಬಂದೀನಿ ಮಿಸ್!" ಎಂದು ಕೂಗಿದರೆ ನನ್ನ ಗಿರಣಿಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. "ಮೆಲ್ಲಕೆ ಕೂಗೇ ತಾಯಿ, ಮಿಸ್ ಕಿವಿ ಹೋದಾವು" ಎಂದು ಅಪ್ಪ ನಗುವನು.

ಊರಿಗೆ ಎರಡನೇ ಸಲ ರೋಗ ಬಂದಾಗ ಕೊಟ್ಟೂರೇಶನನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದರು. ಅವನು ತಿರುಗಿ ಬರಲಿಲ್ಲ. ಮಣ್ಣು ಮಾಡುವಾಗ ಮುಖ ನೋಡುವ ಭಾಗ್ಯವೂ ಮನೆಯವರಿಗೆ ಸಿಗಲಿಲ್ಲ.

ಕಸ್ತೂರಮ್ಮ ಮಗನ ವಾಚು, ಕನ್ನಡಕ, ಅಂಗಿ, ಚಪ್ಪಲಿ ಎಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಫೋನೂ ಅದರೊಳಗೇ ಹೋಯಿತು. ಸೊಸೆಯನ್ನು ಹಿಂದಿನ ಕೋಣೆಗೆ ಕಳಿಸಿದರು. ವರ್ಷದ ಕಾರ್ಯ ಆಗುವವರೆಗೆ ಅವಳು ನಡುಮನೆಗೆ ಬರಬಾರದು, ಬಾಗಿಲಲ್ಲಿ ನಿಲ್ಲಬಾರದು, ಹೊರಟವರಿಗೆ ಮುಖ ತೋರಿಸಬಾರದು. ಅಲ್ಲ, ಸೂತಕವೇ ಇಲ್ಲವೆಂದು ಸಾರಿದ ಧರ್ಮದವರು ಇವರು! ಎದೆಯ ಮೇಲೆ ಲಿಂಗ, ಮೂಲೆಯಲ್ಲಿ ಸೊಸೆ. ನನಗೆ ಮೈಯೆಲ್ಲ ಉರಿಯಿತು. ನೇರ ಹೋಗಿ ಕೇಳಿಯೇಬಿಟ್ಟೆ.

"ಕಸ್ತೂರಕ್ಕ, ಆ ಫೋನಾದ್ರೂ ತೆಗೆದುಕೊಡ್ರಿ. ಕೂಸಿಗೆ ಪಾಠ ತಪ್ಪೈತೆ."

"ಹುಲಿಗೆವ್ವ, ನಿನ್ನ ಗಿರಣಿ ನೀನು ನೋಡ್ಕ. ಸತ್ತೋನ ಸಾಮಾನು ವರ್ಷ ತುಂಬೋತಂಕ ಯಾರೂ ಮುಟ್ಟಂಗಿಲ್ಲ. ನಮ್ಮತ್ತಿ ಕಾಲದಿಂದ ನಡಕೊಂಡು ಬಂದೈತೆ."

"ನಿಮ್ಮತ್ತಿ ಕಾಲದಾಗ ಫೋನಿನ್ಯಾಗ ಸಾಲಿ ನಡೀತಿತ್ತೇನ್ರಿ? ಟ್ರಂಕಿನ್ಯಾಗ ಇರೋದು ಬರೇ ಕೊಟ್ಟೂರೇಶನ ಸಾಮಾನಲ್ಲ. ಕೂಸಿನ ಸಾಲಿಗೇ ಬೀಗ ಹಾಕೀರಿ ನೀವು."

"ಹೆಣ್ಣುಕೂಸು. ಒಂದು ವರ್ಷ ಓದ್ಲಿಲ್ಲ ಅಂದ್ರೆ ಮುಳುಗಿ ಹೋಗೋದು ಏನೈತೆ?"

ಕೆಂಚವೀರಪ್ಪನವರು ಕುರ್ಚಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. ಅಂಗಡಿಯಲ್ಲಿ ಹುಲಿ, ಮನೆಯಲ್ಲಿ ಅವರ ಬಾಯಿ ಏಳುತ್ತಿರಲಿಲ್ಲ. ಅವರದೂ ನನ್ನಂತೆ ಬಟನ್ ಫೋನು, ಅದರಲ್ಲಿ ಪಾಠ ಬರುವುದಿಲ್ಲ; ರೂಪಶ್ರೀಗೆ ಅದೂ ಇಲ್ಲ. ನಾನು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆ.

ರೋಗ ಬಂದ ಮನೆಯ ಕೂಸೆಂದು ಓಣಿಯ ಮಕ್ಕಳು ಸ್ನೇಹಾಳನ್ನು ಆಟಕ್ಕೆ ಕರೆಯುತ್ತಿರಲಿಲ್ಲ. ಅಮ್ಮನ ಕೋಣೆಗೆ ಹೆಚ್ಚು ಹೊತ್ತು ಹೋದರೆ ಅಜ್ಜಿ ಗದರುವರು. ಅವಳು ಇಡೀ ದಿನ ಕಟ್ಟೆಯ ಮೇಲೆ ಒಬ್ಬಳೇ. ಒಂದು ದಿನ ನೋಡುತ್ತೇನೆ, ಮನೆಯವರ ಚಪ್ಪಲಿಗಳನ್ನೆಲ್ಲ ತಂದು ಸಾಲಾಗಿ ಜೋಡಿಸಿದ್ದಾಳೆ. ಕೈಯಲ್ಲೊಂದು ಪೊರಕೆ ಕಡ್ಡಿ.

"ಮಹೇಂದ್ರ."

ತಾನೇ ದನಿ ಬದಲಿಸಿ, "ಬಂದೀನಿ ಮಿಸ್."

"ಸುಫಿಯಾನ್."

"ಬಂದೀನಿ ಮಿಸ್."

ಹೀಗೆ ಇಡೀ ಕ್ಲಾಸಿನ ಹಾಜರಿ ಆಯಿತು. ಕೊನೆಗೆ "ಸ್ನೇಹಾ" ಎಂದಳು. ಉತ್ತರ ಕೊಡಲಿಲ್ಲ. ಸ್ವಲ್ಪ ಕಾದು, ಇನ್ನೊಮ್ಮೆ ಕರೆದು, "ಸ್ನೇಹಾ ಬಂದಿಲ್ಲ" ಎಂದು ತಾನೇ ಹೇಳಿ ಚಪ್ಪಲಿಗಳಿಗೆ ಪಾಠ ಶುರುಮಾಡಿದಳು. ನಾನು ಗಿರಣಿ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹಿಟ್ಟು ಬೀಸಿಸಲು ಬಂದವರು ಕಣ್ಣಿಗೆ ಹಿಟ್ಟು ಬಿತ್ತೇನು ಎಂದು ಕೇಳಿದರು.

ಅದೇ ವಾರ ಸುದ್ದಿ ಬಂತು. ದಾವಣಗೆರೆಗೆ ಕೊಟ್ಟಿದ್ದ ಕಸ್ತೂರಮ್ಮನ ಮಗಳು ಸುನೀತಾಗೆ ಎಳೆಗೂಸು. ಹೇಗೂ ಶಾಲೆ ಇಲ್ಲ, ಸ್ನೇಹಾ ಹೋಗಿ ಕೂಸು ಆಡಿಸಿಕೊಂಡಿರಲಿ, ಶಾಲೆ ತೆರೆದ ಮೇಲೆ ನೋಡೋಣ ಎಂದು ಅಜ್ಜಿಯ ತೀರ್ಮಾನ. ಒಮ್ಮೆ ಕೂಸನ್ನು ಕಂಕುಳಿಗೆ ಏರಿಸಿಕೊಂಡ ಹುಡುಗಿ ಮತ್ತೆ ಪಾಟಿಚೀಲ ಹೆಗಲಿಗೇರಿಸಿದ್ದನ್ನು ನಾನಂತೂ ಈ ಓಣಿಯಲ್ಲಿ ಕಂಡಿಲ್ಲ.

ಹಿತ್ತಲಿಗೆ ಹೋಗಿ ಕಿಟಕಿ ಬಡಿದೆ. ರೂಪಶ್ರೀ ಸರಳು ಹಿಡಿದು ನಿಂತಳು. ಹಣೆಯಲ್ಲಿ ವಿಭೂತಿ, ಕಣ್ಣು ಗುಳಿಬಿದ್ದಿತ್ತು. ಚಪ್ಪಲಿಗಳ ಹಾಜರಿಯ ವಿಷಯ ಹೇಳಿದೆ, ದಾವಣಗೆರೆಯ ವಿಷಯವನ್ನೂ ಹೇಳಿದೆ.

"ತನ್ನ ಹೆಸರಿಗೆ ಬಂದೀನಿ ಅನ್ನಲ್ವಾ ಅಕ್ಕ?" ಎಂದಳು.

"ಅನ್ನಲ್ಲವ್ವ."

"ಯಾವತ್ತು ಕರ್ಕೊಂಡು ಹೋಗ್ತಾರೆ?"

"ಸೋಮವಾರ, ಬೆಳಿಗ್ಗೆ."

ಅವಳು ಸರಳು ಬಿಟ್ಟು ಒಳಗೆ ಸರಿದಳು.

ಸೋಮವಾರ ಸುನೀತಾ ಕೂಸನ್ನು ಎತ್ತಿಕೊಂಡು ಆಟೋದಲ್ಲಿ ಬಂದಳು. ಸ್ನೇಹಾಳ ಬಟ್ಟೆಯ ಗಂಟು ಕಟ್ಟೆಗೆ ಬಂತು. ಹುಡುಗಿ ಅಳಲೂ ಇಲ್ಲ, ಸೋದರತ್ತೆಯ ಕೈಹಿಡಿದು ನೆಲ ನೋಡುತ್ತ ನಿಂತಿತ್ತು. ಕಸ್ತೂರಮ್ಮ ಓಣಿಯ ಎರಡೂ ಕಡೆ ಕಣ್ಣಾಡಿಸಿ, ಶಕುನ ಚೆನ್ನಾಗಿದೆಯೆಂದು ಖಾತ್ರಿ ಮಾಡಿಕೊಂಡು, "ಹ್ಞೂಂ, ಹೊರಡ್ರಿ" ಎಂದರು.

ಆಗ ಒಳಗಿನಿಂದ ರೂಪಶ್ರೀ ನಡೆದು ಬಂದು, ಹೊಸ್ತಿಲು ದಾಟಿ, ಅವರೆಲ್ಲರ ಎದುರಿಗೆ ನಿಂತಳು.

"ಅಯ್ಯಯ್ಯೋ! ಒಳಗೆ ನಡಿಯೇ! ಹೊರಡೋ ಹೊತ್ತಿಗೆ ಎದುರು ಬರ್ತಾರೇನು?" ಕಸ್ತೂರಮ್ಮ ಚೀರಿದರು.

"ಬೇಕಂತಲೇ ಬಂದೀನ್ರಿ ಅತ್ತಿ." ಅವಳ ಕಾಲು ಕದಲಲಿಲ್ಲ. "ನಾ ಎದುರು ಬಂದ್ರೆ ಅಪಶಕುನ ಅಲ್ಲೇನ್ರಿ? ಹಂಗಾದ್ರೆ ನನ್ನ ಕೂಸು ಇವತ್ತು ಹೋಗಂಗಿಲ್ಲ. ನಾಳೆ ಹೊರಡಿಸಿದ್ರೆ ನಾಳೆನೂ ಬಂದು ನಿಲ್ತೀನಿ. ಅಪಶಕುನ ಅಲ್ಲ ಅಂದ್ರೆ ಎಲ್ಲರ ಎದುರಿಗೆ ಹೇಳ್ರಿ. ಮತ್ತ್ಯಾಕ ನನಗೆ ಮೂಲೆ?"

ಕಸ್ತೂರಮ್ಮ ಹೌದೆಂದರೆ ಪ್ರಯಾಣವಿಲ್ಲ, ಅಲ್ಲವೆಂದರೆ ಪದ್ಧತಿಯಿಲ್ಲ. ಸುನೀತಾ ತನ್ನ ಕೂಸಿನ ತಲೆಯ ಮೇಲೆ ಸೆರಗು ಮುಚ್ಚಿ, "ಇವತ್ತು ಬ್ಯಾಡ ಬಿಡವ್ವ, ನನಗೆ ಹೆದರಿಕಿ ಆಗ್ತೈತೆ" ಎಂದು ಗಂಟನ್ನು ಕಟ್ಟೆಯ ಮೇಲೇ ಬಿಟ್ಟು ಆಟೋ ಹತ್ತಿದಳು. ಸ್ನೇಹಾ ಓಡಿ ಅಮ್ಮನ ಸೀರೆಯಲ್ಲಿ ಮುಖ ಹುದುಗಿಸಿದಳು.

"ಟ್ರಂಕಿನ ಕೀಲಿ ಕೊಡ್ರಿ ಅತ್ತಿ" ಎಂದಳು ರೂಪಶ್ರೀ.

"ನನ್ನ ಮಗನ್ದು ಅದು! ಮುಟ್ಟಿದ್ರೆ ಅವನಿಗೆ ಶಾಂತಿ ಸಿಗಂಗಿಲ್ಲ!"

ಕೆಂಚವೀರಪ್ಪನವರು ಕುರ್ಚಿಯಿಂದ ಎದ್ದರು. "ಕೂಸು ಚಪ್ಪಲಿ ಜೊತೆ ಮಾತಾಡೋದು ನೋಡಿ ಅವನಿಗೆ ಯಾವ ಶಾಂತಿ ಸಿಗ್ತೈತೆ? ಕೊಡು ಕೀಲಿ" ಎಂದು ಕೈ ಚಾಚಿದರು. ಕಸ್ತೂರಮ್ಮ ಅವರ ಮುಖವನ್ನೇ ನೋಡಿದರು. ಆಮೇಲೆ ಕೀಲಿ ತೆಗೆದುಕೊಟ್ಟು ಅಲ್ಲೇ ಕುಸಿದು ಕೂತು, ಮಗನ ಹೆಸರು ಹಿಡಿದು ಅತ್ತರು. ಏನೇ ಆಗಲಿ, ಹೆತ್ತ ಕರುಳು. ನನಗೂ ಸಂಕಟವಾಯಿತು. ಹೋಗಿ ನೀರು ಕೊಟ್ಟೆ.

ಹಿದಾಯತ್‌ನ ಮೊಬೈಲ್ ಅಂಗಡಿಯಲ್ಲಿ ಟ್ರಂಕಿನಿಂದ ತೆಗೆದ ಫೋನಿಗೆ ಕರೆನ್ಸಿ ಹಾಕಿಸಿ, ಚಾರ್ಜಿಗಿಟ್ಟಾಗ ಪರದೆಯ ಮೇಲೆ ಕೊಟ್ಟೂರೇಶ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿದ್ದ. ಸುಧಾ ಮಿಸ್ ಕಳಿಸಿದ್ದ ವಾಯ್ಸ್ ಮೆಸೇಜುಗಳು ಒಂದರ ಹಿಂದೊಂದು ಬಂದವು. "ಸ್ನೇಹಾ, ಎಲ್ಲಿದ್ದೀಯಮ್ಮಾ? ದಿನಾ ನಿನ್ನ ಹೆಸರು ಕರೀತಿದ್ದೀನಿ ಪುಟ್ಟಾ." ಹುಡುಗಿ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿತು.

ಓದುವ ಅಕ್ಕತಂಗಿಯರೇ, ನಿಮ್ಮ ಓಣಿಯಲ್ಲೂ ಒಂದು ಹಿಂದಿನ ಕೋಣೆ ಇದ್ದರೆ ಹೋಗಿ ಕಿಟಕಿ ಬಡಿಯಿರಿ. ನಾನು ಮಾಡಿದ್ದು ಅಷ್ಟೇ, ಮಿಕ್ಕಿದ್ದೆಲ್ಲ ಆಕೆಯೇ ಮಾಡಿದಳು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ, ಹೋಗಿಬರುವವರೆಲ್ಲ ನೋಡುತ್ತಿದ್ದಂತೆ, ರೂಪಶ್ರೀ ಗಂಡ ಕೂರುತ್ತಿದ್ದ ಜಾಗದಲ್ಲೇ ಕೂತು ಫೋನನ್ನು ಡಬ್ಬಿಗೆ ಒರಗಿಸಿದಳು. ಸಂತೆಗೆ ಹೊರಟಿದ್ದ ಒಬ್ಬರು ಅವಳನ್ನು ಕಂಡು ಮುಖ ತಿರುಗಿಸಿದರು. ಅವಳು ಏಳಲಿಲ್ಲ. ಮಿಸ್ ಹಾಜರಿ ಕರೆಯತೊಡಗಿದರು. ನಾನು ಗಿರಣಿ ನಿಲ್ಲಿಸಿ ಬಾಗಿಲಿಗೆ ಬಂದೆ.

"ಸ್ನೇಹಾ."

ಹುಡುಗಿ ಪಕ್ಕಕ್ಕೆ, ಅಪ್ಪ ಕೂರುತ್ತಿದ್ದ ಕಡೆಗೆ ನೋಡಿತು. ತಾಯಿ ಅದರ ಬೆನ್ನ ಮೇಲೆ ಕೈಯಿಟ್ಟಳು.

"ಸ್ನೇಹಾ?"

"ಬಂದೀನಿ ಮಿಸ್" ಎಂದಿತು, ಮೆಲ್ಲಕೆ.