ಈಸ್ಟರ್ ಹಬ್ಬದ ಬಟ್ಟಲು

ಕಲಘಟಗಿ ಸಂತೆಯ ದಿನ ಸಂಜೆಯ ಬಸ್ಸು ಬರುವ ಹೊತ್ತಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಊರ ಅಗಸಿಬಾಗಿಲ ಕಡೆ ಕಣ್ಣಿಟ್ಟು ನಿಲ್ಲುತ್ತಾರೆ. ಗಂಡ ತನ್ನ ಕಾಲ ಮೇಲೆ ತಾನು ಬರುತ್ತಾನೋ, ಯಾರಾದರೂ ಹೊತ್ತು ತರುತ್ತಾರೋ ಎಂಬ ಚಿಂತೆ. ಬಡಿಗ ಸಮುವೇಲಪ್ಪನ ಹೆಂಡತಿ ರೂತವ್ವನೂ ಹಾಗೆ ನಿಂತವಳೇ. ತೊಟ್ಟಿಲು ಮಾಡುವುದರಲ್ಲಿ ಸಮುವೇಲಪ್ಪನನ್ನು ಮೀರಿಸುವವರಿರಲಿಲ್ಲ. ಆದರೆ ಸರಾಯಿ ಆ ಕೈಗೆ ನಡುಕ ಹಚ್ಚಿತು. ಬಾಚಿ, ಉಳಿ ಎಲ್ಲ ಅಂಗಡಿಯವನ ಪಾಲಾದವು.

ಮಳೆಗಾಲದಲ್ಲಿ ಊರಿನ ಕ್ರೈಸ್ತ ಸಭೆಯ ಕರುಣಾಬಾಯಿ ಅವನನ್ನು ಹುಬ್ಬಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಕೆ ನರ್ಸಬಾಯಿ. ಔಷಧಿಯಿಂದ ಮೈ ಸುಧಾರಿಸಿತು. ಊರಿಗೆ ಬಂದ ಮೇಲೆ ಸಂಜೆಯ ಹೊತ್ತು ಕಳೆಯುವುದೇ ಕಷ್ಟವಾಯಿತು. ಸರಾಯಿ ಅಂಗಡಿಯಲ್ಲಿ ಕಂದೀಲು ಹಚ್ಚುವ ಹೊತ್ತಿಗೆ ಸಭೆಯವರು ಯಾರಾದರೊಬ್ಬರು ಅವನ ಮನೆಗೆ ಬಂದು ಕೂಡುವರು. ಹಾಡುವರು, ಪ್ರಾರ್ಥಿಸುವರು, ರೊಟ್ಟಿ ಉಂಡು ಹರಟೆ ಹೊಡೆಯುವರು. “ಇವತ್ತೊಂದಿನ ದಾಟಸಪಾ ದೇವರ” ಎಂಬುದಷ್ಟೇ ಸಮುವೇಲಪ್ಪನ ಪ್ರಾರ್ಥನೆ.

ಕುಡಿತದ ದೆಸೆಯಿಂದ ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವ ಪವಿತ್ರ ಭೋಜನದಿಂದ ಹೊರಗಿದ್ದ ಅವನನ್ನು ಈಸ್ಟರಿಗೆ ಸಭೆ ಮತ್ತೆ ಕರೆಯಿತು. ರೂತವ್ವ ಹಿಗ್ಗಿದಳು. ದೇವಾಲಯದ ಕಸ ಗುಡಿಸಿ, ಭೋಜನದ ಬಟ್ಟಲು ತೊಳೆಯುವವಳು ಅವಳೇ. ಆದರೂ ಗಂಡ ಕುಡಿಯುತ್ತಿದ್ದಾಗ ನಿಶೆಯಿರುವ ಆ ದ್ರಾಕ್ಷಾರಸದ ಬಾಟ್ಲಿಯನ್ನು ಅವಳ ಮನೆಯಲ್ಲಿ ಇಡುತ್ತಿರಲಿಲ್ಲ. ಈ ಸಲ ನಂಬಿ ಅವಳ ಕೈಗೇ ಕೊಟ್ಟರು. ಅವಳು ಅದನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಳು.

ಹಬ್ಬದ ಹಿಂದಿನ ದಿನ ಸಮುವೇಲಪ್ಪ ಉಣ್ಣಲೂ ಒಳಗೆ ಬರಲಿಲ್ಲ. ಅಂಗಳದ ಬೇವಿನ ಗಿಡದ ನೆರಳು ಸರಿದು ಬಿಸಿಲು ಬಿದ್ದರೂ ಅಲ್ಲೇ ಕುಳಿತಿದ್ದ.

“ಬಿಸಲಾಗ ಯಾಕ ಕುಂತೀರಿ? ಒಳಗ ಬರ್ರಿ.”

“ಒಳಗ ಅದು ಐತಿ. ನನಗ ವಾಸನಿ ಬರಾಕತ್ತೈತಿ.”

ಬಾಟ್ಲಿಯ ಬೂಚು ಕೂಡ ತೆಗೆದಿರಲಿಲ್ಲ. “ಅದು ದೇವರದು, ಸರಾಯಿ ಅಲ್ಲ” ಅಂದಳು ರೂತವ್ವ.

“ನನ್ನ ನಾಲಿಗಿಗೆ ಅದು ತಿಳಿಯಂಗಿಲ್ಲ. ನಾಳೆ ನಾ ಬಟ್ಟಲಾ ಮುಟ್ಟೂದಿಲ್ಲ.”

ರೂತವ್ವ ಅಳುತ್ತ ಕರುಣಾಬಾಯಿಯ ಮನೆಗೆ ಹೋದಳು. ಒಂದು ಗುಟುಕಿಗೆ ಏನಾಗುತ್ತದೆ, ದೇವರು ಕಾಯುವುದಿಲ್ಲವೇ, ಬಟ್ಟಲು ಮುಟ್ಟದಿದ್ದರೆ ಇವನಿಗೆ ನಂಬಿಕೆಯೇ ಇಲ್ಲ ಎಂದು ಜನ ಆಡಿಕೊಳ್ಳುವುದಿಲ್ಲವೇ, ನೀವೇ ಬುದ್ಧಿ ಹೇಳಿರಿ ಎಂದು ಅಂಗಲಾಚಿದಳು. ಕರುಣಾಬಾಯಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು.

“ಪ್ರಾರ್ಥನಿ ಮಾಡಿದ್ರ ಅದರಾಗಿನ ನಿಶಾ ಹೋಗೂದಿಲ್ಲ ಬೇ ರೂತವ್ವ. ಕುಡಿತ ಬಿಟ್ಟ ಮೈಗೆ ಒಂದ ಗುಟುಕ ಸಾಕು, ಹಳೇದೆಲ್ಲಾ ಎಬ್ಬಸತೈತಿ. ಬಿಸಲಾಗ ಕುಂತಾನಲ್ಲ, ಅದ ಅವನ ನಂಬಿಕಿ. ದೇವರು ಅವನ್ನ ಕಾಯಾಕತ್ತಾನ. ನೀ ನೋಡಿದ್ರ ಬಾಟ್ಲಿ ಮನ್ಯಾಗ ಇಟಗೊಂಡಿ.”

ರೂತವ್ವ ಮನೆಗೆ ಬಂದು, ಬಾಟ್ಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸಭಾಪಾಲಕರ ಮನೆಗೆ ಹೋಗಿ, ನಾಳೆಯ ಬಟ್ಟಲಿಗೆ ಇದು ಬೇಡವೆಂದು ಬೇಡಿಕೊಂಡಳು. ಹಿರಿಯರಿಂದ ನಡೆದು ಬಂದ ಪದ್ಧತಿ, ಹೇಗೆ ಬಿಡುವುದು ಎಂದು ಅವರು ಯೋಚನೆಗೆ ಬಿದ್ದರು. ಬೇಕಾದರೆ ಸಮುವೇಲಪ್ಪನಿಗೆ ಒಂದು ಬೇರೆ ಬಟ್ಟಲು ಇಡೋಣ ಅಂದರು. ಅವರಿಗೆ ಎಂದೂ ಎದುರು ಮಾತಾಡದ ರೂತವ್ವ ಅಂದು ಮಾತಾಡಿದಳು.

“ಬ್ಯಾರೆ ಬಟ್ಟಲಾ ಬ್ಯಾಡ್ರಿ ಅಯ್ಯಾವರ. ಭಾಳ ವರ್ಷ ಅವರು ಬ್ಯಾರೇನ ಕುಂತಾರ್ರಿ.”

ಹಾಗಾದರೆ ಎಲ್ಲರಿಗೂ ನಿಶೆಯಿಲ್ಲದ ರಸವನ್ನೇ ಕೊಡೋಣ ಎಂದು ಸಭಾಪಾಲಕರು ಒಪ್ಪಿದರು. ಆಮೇಲೆ ಬಾಟ್ಲಿಯನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. ಒಣದ್ರಾಕ್ಷಿ ತರಿಸಿ ಅವಳ ಕೈಗೆ ಕೊಟ್ಟರು. ಅವಳು ಅದನ್ನು ನೆನೆಸಿ, ಕುದಿಸಿ, ಬಿಳಿ ಅರಿವೆಯಲ್ಲಿ ಸೋಸಿದಳು. ಗಂಡನನ್ನು ಕರೆದು ತೋರಿಸಿದಳು.

ಈಸ್ಟರ್ ಆರಾಧನೆಯಲ್ಲಿ ಇಡೀ ಸಭೆ ಆ ಒಂದೇ ಬಟ್ಟಲಿನಿಂದ ಕುಡಿಯಿತು. ಸಮುವೇಲಪ್ಪನ ಸರದಿ ಬಂದಾಗ ಅವನು ಮೊದಲು ಮೂಸಿ ನೋಡಿದ. ಹೆಂಡತಿಯ ಕಡೆ ನೋಡಿದ. ಕುಡಿದು, ಬಟ್ಟಲನ್ನು ಎರಡೂ ಕೈಯಿಂದ ಬಾಜು ಇದ್ದವನಿಗೆ ಕೊಟ್ಟ.

ಮನೆಗೆ ಬಂದವನು ಗಿಡದ ಕೆಳಗೆ ನಿಲ್ಲಲಿಲ್ಲ. ನೇರ ಅಡುಗೆಮನೆಗೆ ಹೋಗಿ ಕುಳಿತ.

“ಹಸದೇನಿ. ರೊಟ್ಟಿ ಹಾಕು.”

ಅಕ್ಕಂದಿರೇ, ಅಣ್ಣಂದಿರೇ, ಕುಡಿತ ಬಿಡಲು ಹೊರಟವರು ನಿಮ್ಮ ಮನೆಯಲ್ಲೂ ಇರಬಹುದು. ಮೊದಲು ಡಾಕ್ಟರಿಗೆ ತೋರಿಸಿರಿ. ಅವರಿಗಾಗಿ ಪ್ರಾರ್ಥಿಸಿರಿ, ಸಂಜೆಯ ಹೊತ್ತು ಹೋಗಿ ಅವರ ಮಗ್ಗುಲಲ್ಲಿ ಕೂಡಿರಿ. ಹಬ್ಬವಿರಲಿ, ಮದುವೆಯಿರಲಿ, ಒಂದು ಗುಟುಕಿಗೆ ಏನಾಗುತ್ತದೆ ಎನ್ನಬೇಡಿರಿ. ನಿಮ್ಮ ಮಾಡದಲ್ಲಿ ಬಾಟ್ಲಿ ಇದ್ದರೆ ಇವತ್ತೇ ಹೊರಗೆ ಹಾಕಿರಿ. ಮನುಷ್ಯ ಒಳಗೆ ಬರಲಿ.